ರಾತ್ರಿ ಹೆದ್ದಾರಿಯಲ್ಲಿ ಲಾರಿಯನ್ನು ದಾಟುವುದು ಹೇಗೆ, ದಾಟಲು ಬಿಡುವುದು ಹೇಗೆ

ರಾತ್ರಿ ಹತ್ತರ ಮೇಲೆ ತುಮಕೂರಿನಿಂದ ಶಿರಾ ಕಡೆಗೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕಾರುಗಳಿಗಿಂತ ಲಾರಿಗಳೇ ಹೆಚ್ಚು ಕಾಣುತ್ತವೆ. ಬೆಂಗಳೂರಿನೊಳಗೆ ಹಗಲು ಹೊತ್ತಿನಲ್ಲಿ ಭಾರಿ ವಾಹನಗಳಿಗೆ ನಿರ್ಬಂಧಗಳಿರುವುದರಿಂದ, ನಗರದಿಂದ ಲೋಡು ಹೊತ್ತು ಹೊರಟ ಲಾರಿಗಳು ಸಂಜೆಯ ಮೇಲೆ ನೆಲಮಂಗಲ ದಾಟಿ, ನಡುರಾತ್ರಿಯ ಹೊತ್ತಿಗೆ ನಮ್ಮ ಜಿಲ್ಲೆಯ ಉದ್ದಕ್ಕೂ ಸಾಲುಗಟ್ಟಿರುತ್ತವೆ. ಹುಬ್ಬಳ್ಳಿ, ಪುಣೆ, ಮುಂಬಯಿ ಕಡೆಯವು ಬೆಳಗಾಗುವುದರೊಳಗೆ ಬೆಂಗಳೂರು ಸೇರಬೇಕೆಂದು ಎದುರು ದಿಕ್ಕಿನಿಂದ ಬರುತ್ತಿರುತ್ತವೆ. ಇವುಗಳ ನಡುವೆ ಊರಿಗೆ ಹೊರಟ ಒಂದು ಕಾರು ಐವತ್ತು ಕಿಲೋಮೀಟರ್ ಸಾಗುವಷ್ಟರಲ್ಲಿ ಹತ್ತಾರು ಲಾರಿಗಳನ್ನು ದಾಟಿರುತ್ತದೆ. ಪ್ರತಿ ಸಲ ದಾಟುವಾಗಲೂ ಒಬ್ಬರ ಮುಖವನ್ನು ಒಬ್ಬರು ಕಾಣದ ಇಬ್ಬರು ಚಾಲಕರು ದೀಪ, ಇಂಡಿಕೇಟರ್, ಹಾರ್ನ್ ಇಷ್ಟರಲ್ಲಿಯೇ ಮಾತಾಡಿಕೊಳ್ಳಬೇಕಾಗುತ್ತದೆ. ಆ ಮಾತು ತಪ್ಪಾಗಿ ಕೇಳಿಸಿದರೆ ಏನಾಗುತ್ತದೆಂಬುದನ್ನು ನಾನು ಒಮ್ಮೆ ಹತ್ತಿರದಿಂದ ಕಂಡಿದ್ದೇನೆ. ಆದ್ದರಿಂದ ಈ ವಿಷಯದಲ್ಲಿ ತಿಳಿದದ್ದನ್ನು, ಮುಖ್ಯವಾಗಿ ಕಾರು ಓಡಿಸುವವರಿಗಾಗಿ, ಲಾರಿಯವರಿಗೂ ಸಲ್ಲುವಂತೆ ಇಲ್ಲಿ ಬರೆದಿದ್ದೇನೆ.

ಮೊದಲು ಲಾರಿಯ ಕ್ಯಾಬಿನ್ನಿನೊಳಗಿನಿಂದ ರಸ್ತೆ ಹೇಗೆ ಕಾಣುತ್ತದೆಂಬುದು ಕಾರಿನವರಿಗೆ ಗೊತ್ತಿರಬೇಕು. ನನ್ನ ಸೋದರಮಾವ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಲಾರಿ ಓಡಿಸಿದವರು. ತಿಪಟೂರಿನ ಕೊಬ್ಬರಿ, ನಮ್ಮ ಕಡೆಯ ತೆಂಗಿನಕಾಯಿ ತುಂಬಿಕೊಂಡು ಉತ್ತರಕ್ಕೆ ಹೋಗುತ್ತಿದ್ದರು. ಒಂದು ರಾತ್ರಿ ತುಮಕೂರಿನಿಂದ ಚಿತ್ರದುರ್ಗದವರೆಗೆ ಅವರ ಜೊತೆಯಲ್ಲಿ, ಕ್ಲೀನರ್ ಕೂರುವ ಎಡಗಡೆಯ ಸೀಟಿನಲ್ಲಿ ಕುಳಿತು ಹೋದೆ. ಕಳ್ಳಂಬೆಳ್ಳ ದಾಟಿದ ಮೇಲೆ ಒಂದು ಕಾರು ಹೈಬೀಮ್, ಎಂದರೆ ದೂರಕ್ಕೆ ಹೊಡೆಯುವ ಬೆಳಕು, ಹಾಕಿಕೊಂಡು ನಮ್ಮ ಹಿಂದೆಯೇ ಬಂದು ನಿಂತಿತು. ಬಾಗಿಲಿನಾಚೆ ಸ್ಲೇಟಿನಷ್ಟು ಅಗಲವಾಗಿದ್ದ ಎರಡೂ ಕನ್ನಡಿಗಳು ಒಮ್ಮೆಲೇ ಬೆಳ್ಳಗಾದವು. ಕ್ಯಾಬಿನ್ನಿನ ಚಾವಣಿ, ಡ್ಯಾಶ್‌ಬೋರ್ಡಿನ ಮೇಲಿದ್ದ ದೇವರ ಪಟ, ಮಾವನ ಕೆನ್ನೆ ಎಲ್ಲವೂ ಬೆಳಗಿದವು, ಮುಂದಿನ ರಸ್ತೆ ಮಾತ್ರ ಮೊದಲಿಗಿಂತ ಕಪ್ಪಾಯಿತು. ಕನ್ನಡಿಯ ಬೆಳಕು ಕಣ್ಣಿಗೆ ಬೀಳದಂತೆ ಮಾವ ತಲೆಯನ್ನು ಸ್ಟಿಯರಿಂಗಿನತ್ತ ಬಾಗಿಸಿಕೊಂಡು ಓಡಿಸತೊಡಗಿದರು.

“ಸೈಡ್ ಕೊಟ್ಟು ಕಳಿಸಿಬಿಡಬಹುದಲ್ಲ ಮಾವ?” ಎಂದೆ.

“ಎಲ್ಲಿಗೆ ಅಂತ ಕೊಡಲೋ? ಎಡಗಡೆ ಕನ್ನಡೀಲೂ ಅವನ ಲೈಟೇ ತುಂಬ್ಕೊಂಡದೆ. ಅಲ್ಲಿ ಯಾರಾದ್ರೂ ಸೈಕಲ್‌ನೋರು, ಬೈಕ್‌ನೋರು ಬರ್ತಿದ್ರೆ ನಂಗೆ ಹೆಂಗೆ ಕಾಣ್ಬೇಕು? ಅವನು ಲೈಟ್ ಇಳಿಸ್ಲಿ, ನಾನು ಎಡಕ್ಕೆ ನೋಡ್ಕೊಂಡು ಬಿಡ್ತೀನಿ.”

ಕಾರಿನವರು ದಾರಿ ಬೇಕೆಂದು ಹಾಕಿದ ಬೆಳಕೇ ದಾರಿ ಬಿಡಲಾಗದಂತೆ ಮಾಡಿತ್ತು. ಕಾರಿನಲ್ಲಿ ಒಳಗನ್ನಡಿಯನ್ನು ರಾತ್ರಿಗೆಂದು ಮೇಲಕ್ಕೆ ತಿರುಗಿಸುವ ಸಣ್ಣ ಪಟ್ಟಿಯಿರುತ್ತದೆ. ಲೋಡು ಲಾರಿಗೆ ಒಳಗನ್ನಡಿಯಿಂದ ಏನೂ ಕಾಣುವುದಿಲ್ಲ, ಬದಿಯ ಕನ್ನಡಿಗಳಿಗೆ ಅಂಥ ಪಟ್ಟಿಯೂ ಇರುವುದಿಲ್ಲ. ಹಿಂದಿನದನ್ನೆಲ್ಲ ಆ ಎರಡು ಕನ್ನಡಿಗಳಲ್ಲಿಯೇ ನೋಡಬೇಕಾದವರ ಕಣ್ಣಿಗೆ ಬೆಳಕು ಚುಚ್ಚಬಾರದು.

ಹಾಗಾಗಿ ಮೊದಲ ಕೆಲಸ ದೀಪ ಇಳಿಸುವುದು. ಎಷ್ಟು ದೂರದಲ್ಲಿ ಇಳಿಸಬೇಕೆಂದು ಮೀಟರ್ ಲೆಕ್ಕ ಹಾಕುತ್ತ ಕೂರಬೇಕಾಗಿಲ್ಲ. ಭಾರಿ ವಾಹನಗಳ ಹಿಂಬದಿಗೆ ಕೆಂಪು, ಬದಿಗೆ ಹಳದಿ, ಮುಂಬದಿಗೆ ಬಿಳಿ ಪ್ರತಿಫಲಕ ಪಟ್ಟಿ ಅಂಟಿಸಬೇಕೆಂಬ ನಿಯಮವಿದೆ. ಮುಂದಿರುವ ಲಾರಿಯ ಕೆಂಪು ಪಟ್ಟಿ ನಿಮ್ಮ ಹೈಬೀಮಿಗೆ ಹೊಳೆಯತೊಡಗಿತೆಂದರೆ ನಿಮ್ಮ ಬೆಳಕು ಅದರ ಕನ್ನಡಿಗಳಿಗೂ ತಲುಪುತ್ತಿದೆ ಎಂದೇ ಅರ್ಥ. ಆಗಲೇ ಲೋಬೀಮಿಗೆ, ಎಂದರೆ ಕೆಳಕ್ಕೆ ಬೀಳುವ ಬೆಳಕಿಗೆ, ಬನ್ನಿ. ಪಟ್ಟಿ ಕಿತ್ತುಹೋದ, ಹಿಂದಿನ ದೀಪ ಉರಿಯದ ಗಾಡಿಗಳೂ ಇರುತ್ತವೆ, ಅವು ಹತ್ತಿರ ಬರುವವರೆಗೆ ಕಾಣುವುದೇ ಇಲ್ಲ. ಮುಂದೆ ಯಾರೂ ಇಲ್ಲದ ಕತ್ತಲ ರಸ್ತೆಯಲ್ಲಿ ಹೈಬೀಮ್ ಬಳಸುವುದೇ ಸರಿಯಾಗಿರುವುದು ಇದಕ್ಕಾಗಿಯೇ. ಇಡೀ ರಾತ್ರಿ ಲೋಬೀಮಿನಲ್ಲಿಯೇ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಬೆರಳು ಯಾವಾಗಲೂ ದೀಪ ಏರಿಸಿ ಇಳಿಸುವ ಕಡ್ಡಿಯ ಹತ್ತಿರವಿರಲಿ, ಬೇಕಾದಾಗ ಏರಿಸಿ, ಎದುರಿಗೋ ಮುಂದೆಯೋ ಒಬ್ಬರು ಕಂಡ ಕೂಡಲೇ ಇಳಿಸಿ.

ನಾಲ್ಕು ಪಥದ ರಸ್ತೆಯಲ್ಲಿ ಡಿವೈಡರ್ ಇದೆ, ಗಿಡಗಳಿವೆ, ಎದುರಿನವರಿಗೆ ನಮ್ಮ ಬೆಳಕು ತಾಗುವುದಿಲ್ಲ ಎಂದು ಕಾರಿನವರು ತಿಳಿಯುತ್ತಾರೆ. ಕಾರಿನಿಂದ ಕಾರಿಗೆ ಅದು ಬಹುಮಟ್ಟಿಗೆ ನಿಜ. ಲಾರಿಯ ಚಾಲಕ ಕೂರುವುದು ಆ ಗಿಡಗಳಿಗಿಂತ ಎತ್ತರದಲ್ಲಿ. ಅವರಿಗೆ ಗಿಡಗಳ ನೆತ್ತಿಯ ಮೇಲಿಂದ ನಿಮ್ಮ ಹೈಬೀಮ್ ನೇರವಾಗಿ ಹೊಡೆಯುತ್ತದೆ. ಗಿಡ ಒಣಗಿಹೋದ ಕಡೆ, ಯೂ ತಿರುವಿಗೆಂದು ಡಿವೈಡರ್ ಬಿಟ್ಟಿರುವ ಕಡೆ ಹೇಳುವುದೇ ಬೇಡ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಬೆಳಕು ಬಡಿದ ಕಣ್ಣು ಸುಧಾರಿಸಿಕೊಳ್ಳಲು ಮೂರೇ ಸೆಕೆಂಡು ಹಿಡಿದರೂ ಅಷ್ಟರಲ್ಲಿ ಅರವತ್ತೈದು ಮೀಟರ್ ರಸ್ತೆಯನ್ನು ಅವರು ಕಾಣದೆಯೇ ದಾಟಿರುತ್ತಾರೆ.

ಇನ್ನು ಎಲ್ಲಿ ನಿಲ್ಲಬೇಕೆಂಬುದು. ದಾಟುವ ಆತುರದಲ್ಲಿ ಲಾರಿಯ ಬಾಲಕ್ಕೆ ಅಂಟಿಕೊಂಡು ಹೋಗುವುದು ನಮ್ಮಲ್ಲಿ ಸಾಮಾನ್ಯ. ಹಾಗೆ ಅಂಟಿಕೊಂಡಾಗ ನಿಮಗೆ ಲಾರಿಯ ಹಿಂಬಾಗಿಲು ಬಿಟ್ಟು ಬೇರೇನೂ ಕಾಣುವುದಿಲ್ಲ, ಲಾರಿಯವರಿಗೆ ನೀವೇ ಕಾಣುವುದಿಲ್ಲ. ಲಾರಿಯ ಕನ್ನಡಿ ನಿಮ್ಮ ಕಣ್ಣಿಗೆ ಕಂಡರೆ ಮಾತ್ರ ಆ ಕನ್ನಡಿಯಲ್ಲಿ ನೀವು ಕಾಣುತ್ತೀರಿ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಹಿಂದೆ ಸರಿದಷ್ಟೂ ಮುಂದಿನ ರಸ್ತೆ ಹೆಚ್ಚು ಕಾಣುತ್ತದೆ. ಮುಂದಿನ ಲಾರಿ ಒಂದು ಮೈಲಿಗಲ್ಲನ್ನೋ ಕಂಬವನ್ನೋ ದಾಟಿದ ಮೂರು ಸೆಕೆಂಡಿನ ನಂತರ ನೀವು ಅದನ್ನು ದಾಟುವಂತಿದ್ದರೆ ಅಂತರ ಸರಿಯಾಗಿದೆ. ಮಳೆಯಿದ್ದರೆ, ಮಂಜಿದ್ದರೆ ಇನ್ನೂ ಹಿಂದೆ ಸರಿಯಬೇಕು.

ಎರಡು ಪಥದ ರಸ್ತೆಗಳಲ್ಲಿ ದಾಟುವುದಕ್ಕೆ ಮುಂಚೆ ಒಂದು ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ತುಮಕೂರಿನಿಂದ ಕೊರಟಗೆರೆಯ ಮೇಲೆ ಮಧುಗಿರಿಗೆ ಹೋಗುವ ರಸ್ತೆಯಂಥ ಕಡೆ, ಲಾರಿ 60ರಲ್ಲಿ, ನೀವು 80ರಲ್ಲಿ ಇದ್ದೀರೆಂದುಕೊಳ್ಳಿ. ನಿಮ್ಮಿಬ್ಬರ ವೇಗದ ವ್ಯತ್ಯಾಸ ಸೆಕೆಂಡಿಗೆ ಐದೂವರೆ ಮೀಟರ್ ಮಾತ್ರ. ಹಿಂದೆ ಬಿಟ್ಟಿರುವ ಮೂವತ್ತು ಮೀಟರ್, ಲಾರಿಯ ಉದ್ದ ಹನ್ನೆರಡು ಮೀಟರ್, ನಿಮ್ಮ ಕಾರಿನ ನಾಲ್ಕು ಮೀಟರ್, ದಾಟಿದ ಮೇಲೆ ಬಿಡಬೇಕಾದ ಇಪ್ಪತ್ತೈದು ಮೀಟರ್ ಎಲ್ಲ ಸೇರಿ ಎಪ್ಪತ್ತು ಮೀಟರಿನಷ್ಟಾಗುತ್ತದೆ, ಅದನ್ನು ಮುಗಿಸಲು ಹನ್ನೆರಡು ಹದಿಮೂರು ಸೆಕೆಂಡು ಬೇಕು. ಅಷ್ಟು ಹೊತ್ತಿನಲ್ಲಿ ನೀವು 280 ಮೀಟರ್ ಮುಂದೆ ಹೋಗಿರುತ್ತೀರಿ. ಎದುರಿನಿಂದ 80ರಲ್ಲಿಯೇ ಬರುವ ಇನ್ನೊಂದು ಗಾಡಿಯೂ 280 ಮೀಟರ್ ಹತ್ತಿರ ಬಂದಿರುತ್ತದೆ. ಅಂದರೆ ಅರ್ಧ ಕಿಲೋಮೀಟರಿಗೂ ಹೆಚ್ಚು ರಸ್ತೆ ಖಾಲಿಯಿರಬೇಕು, ಖಾಲಿಯಿದೆ ಎಂಬುದು ನಿಮಗೆ ಗೊತ್ತಿರಬೇಕು. ರಾತ್ರಿ ಕಾಣುವುದು ದೀಪವಿರುವ ಗಾಡಿ ಮಾತ್ರ. ದೀಪವಿಲ್ಲದ ಟ್ರಾಕ್ಟರು, ಎತ್ತಿನ ಗಾಡಿ, ರಸ್ತೆ ದಾಟುವ ಹಸು ಆ ಅರ್ಧ ಕಿಲೋಮೀಟರಿನಲ್ಲಿ ಎಲ್ಲಿಯಾದರೂ ಇರಬಹುದು. ಇದಕ್ಕೆ ನಿಮ್ಮ ಬೆಳಕು ಲಾರಿಯನ್ನು ಮೀರಿ ಮುಂದಿನ ರಸ್ತೆಗೆ ಚೆಲ್ಲುವ ತನಕ ಕಾಯುವುದು ಬಿಟ್ಟು ಬೇರೆ ಉಪಾಯ ನನಗೆ ತಿಳಿದಿಲ್ಲ. ದೂರದ ಎರಡು ಹೆಡ್‌ಲೈಟುಗಳು ಎಷ್ಟು ದೂರದಲ್ಲಿವೆ, ಎಷ್ಟು ವೇಗವಾಗಿ ಬರುತ್ತಿವೆ ಎಂಬುದನ್ನು ಕತ್ತಲಲ್ಲಿ ಅಂದಾಜು ಮಾಡುವುದೂ ಕಷ್ಟ, ಒಂಟಿ ದೀಪ ಬೈಕ್‌ನದೋ ಒಂದು ದೀಪ ಕೆಟ್ಟ ಲಾರಿಯದೋ ಗೊತ್ತಾಗುವುದಿಲ್ಲ. ಅನುಮಾನ ಬಂದರೆ ಆ ಸಲ ಬಿಟ್ಟುಬಿಡಿ.

ದಾಟಬೇಕೆಂದು ನಿಶ್ಚಯಿಸಿದ ಮೇಲೆ ಮುಂದಿನವರನ್ನು ಕೇಳಬೇಕು. ಲಾರಿಗಳ ಹಿಂದೆ ‘ಸೌಂಡ್ ಹಾರ್ನ್’ ಎಂದು ಬರೆದಿರುವುದನ್ನು ಎಲ್ಲರೂ ಓದಿದ್ದಾರೆ; ಅದರ ಪಕ್ಕದಲ್ಲಿಯೇ ‘ಯೂಸ್ ಡಿಪ್ಪರ್ ಅಟ್ ನೈಟ್’ ಎಂದು ಬರೆದಿರುವುದನ್ನು ಪಾಲಿಸುವವರು ಕಡಿಮೆ. ರಾತ್ರಿ ಕೇಳಬೇಕಾದ ರೀತಿ ಅದೇ. ಲೋಬೀಮಿನಲ್ಲಿದ್ದುಕೊಂಡೇ, ಲಾರಿಯ ಬಲಗನ್ನಡಿಗೆ ಕಾಣುವಷ್ಟು ಬಲಕ್ಕೆ ಬಂದು, ಬಲ ಇಂಡಿಕೇಟರ್ ಹಾಕಿ, ಒಂದೆರಡು ಸಲ ಡಿಪ್ಪರ್ ಹೊಡೆದು, ಎಂದರೆ ದೀಪವನ್ನು ಕ್ಷಣಮಾತ್ರ ಏರಿಸಿ ಇಳಿಸಿ, ಸುಮ್ಮನಿರಬೇಕು. ಒಂದೆರಡು ಸಲ ಎಂದರೆ ಒಂದೆರಡೇ ಸಲ. ಲಾರಿಯವರು ಅದನ್ನು ನೋಡಿರುತ್ತಾರೆ, ಅವರಿಗೆ ಎಡಗಡೆ ನೋಡಿಕೊಳ್ಳಲು, ಮುಂದಿನ ರಸ್ತೆ ಅಳೆಯಲು ಹೊತ್ತು ಬೇಕು. ಮೂರು ಆಕ್ಸಲಿನ, ಜನ ಹತ್ತು ಚಕ್ರದ ಲಾರಿ ಎನ್ನುವ ಗಾಡಿ, 2018ರ ಪರಿಷ್ಕೃತ ಮಿತಿಯಂತೆ ಲೋಡು ಸೇರಿ 28.5 ಟನ್ ತೂಗಬಹುದು. ಅದು ಕಾರಿನಂತೆ ಕೇಳಿದ ಕೂಡಲೇ ಎಡಕ್ಕೆ ಹಾರಲಾರದು, ಹಾರಿಸಿದರೆ ಲೋಡು ವಾಲುತ್ತದೆ. ಹಾರ್ನ್ ಬೇಕೇಬೇಕಾದರೆ ಒಂದು ಸಣ್ಣ ಸದ್ದು ಸಾಕು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಜನವಸತಿಯಿರುವ ಕಡೆ ತುರ್ತು ಸಂದರ್ಭವಿಲ್ಲದೆ ಹಾರ್ನ್ ಮಾಡಬಾರದೆಂದು ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ, ನಮ್ಮ ಹೆದ್ದಾರಿಗಳು ಊರುಗಳ ಮಗ್ಗುಲಲ್ಲಿಯೇ ಹಾದುಹೋಗುತ್ತವೆ.

ಈಗ ಎಲ್ಲಕ್ಕಿಂತ ತೊಡಕಿನ ಮಾತಿಗೆ ಬರುತ್ತೇನೆ. ಕೇಳಿದ್ದಕ್ಕೆ ಲಾರಿಯವರು ಇಂಡಿಕೇಟರಿನಲ್ಲಿ ಉತ್ತರ ಕೊಡುತ್ತಾರೆ, ಆ ಉತ್ತರಕ್ಕೆ ಒಂದೇ ಅರ್ಥವಿಲ್ಲ. ಲಾರಿಯ ಬಲ ಇಂಡಿಕೇಟರ್ ಮಿನುಗಿದರೆ ಅದು ‘ನಾನು ಬಲಕ್ಕೆ ತಿರುಗುತ್ತೇನೆ’ ಎಂದಿರಬಹುದು, ‘ನನ್ನ ಮುಂದಿನ ಗಾಡಿಯನ್ನು ನಾನೇ ದಾಟುತ್ತಿದ್ದೇನೆ’ ಎಂದಿರಬಹುದು, ‘ಎದುರಿಗೆ ಗಾಡಿ ಬರುತ್ತಿದೆ, ಬರಬೇಡ’ ಎಂದಿರಬಹುದು, ಕೆಲವರ ರೂಢಿಯಲ್ಲಿ ‘ಬಲಗಡೆ ಖಾಲಿಯಿದೆ, ಬಾ’ ಎಂದೂ ಇರಬಹುದು. ಕಿರಿದಾದ ರಸ್ತೆಯಲ್ಲಿ ಎದುರಿನವರಿಗೆ ‘ನನ್ನ ಗಾಡಿಯ ಅಂಚು ಇಲ್ಲಿಯವರೆಗೆ ಇದೆ’ ಎಂದು ತೋರಿಸುವುದಕ್ಕೂ ಅದನ್ನೇ ಹಾಕುವುದುಂಟು. ಎಡ ಇಂಡಿಕೇಟರ್ ‘ಎಡಕ್ಕೆ ನಿಲ್ಲಿಸುತ್ತೇನೆ’ ಎಂಬುದಕ್ಕೂ ‘ಎಡಕ್ಕೆ ಸರಿದಿದ್ದೇನೆ, ಹೋಗು’ ಎಂಬುದಕ್ಕೂ ಬಳಕೆಯಾಗುತ್ತದೆ. ಹಿಂದಿನವರಿಗೆ ಹೋಗಿ ಎಂದು ಸೂಚಿಸಲು ಕಾನೂನಿನಲ್ಲಿದ್ದ ಹಳೆಯ ಸನ್ನೆ ಬಲಗೈಯನ್ನು ಹೊರಚಾಚಿ ಹಿಂದಕ್ಕೂ ಮುಂದಕ್ಕೂ ಬೀಸುವುದು. ಕತ್ತಲಲ್ಲಿ ಅದು ಕಾಣುವುದಿಲ್ಲವಾದ್ದರಿಂದ ಇಂಡಿಕೇಟರ್ ಆ ಜಾಗಕ್ಕೆ ಬಂದಿದೆ. ಯಾವ ಇಂಡಿಕೇಟರ್ ಎಂಬುದು ಮಾತ್ರ ಊರಿಗೊಂದು, ಚಾಲಕರಿಗೊಂದು ಆಗಿ ಉಳಿದಿದೆ.

ಕೆಲವು ವರ್ಷಗಳ ಹಿಂದೆ ಶಿರಾದಿಂದ ಬಡವನಹಳ್ಳಿಯ ಮೇಲೆ ಮಧುಗಿರಿಗೆ ಹೋಗುವಾಗ ನಾನು ಒಂದು ಲೋಡು ಲಾರಿಯ ಹಿಂದಿದ್ದೆ. ಡಿಪ್ಪರ್ ಹೊಡೆದೆ, ಅದರ ಬಲ ಇಂಡಿಕೇಟರ್ ಮಿನುಗಿತು. ಅದಕ್ಕೆ ಹಿಂದಿನ ವಾರವಷ್ಟೇ ಬೇರೊಂದು ಲಾರಿ ಹಾಗೆಯೇ ಬಲ ಇಂಡಿಕೇಟರ್ ಹಾಕಿ ನನಗೆ ದಾರಿ ಕೊಟ್ಟಿತ್ತು. ಇದೂ ಹಾಗೆಯೇ ಎಂದುಕೊಂಡು ಬಲಕ್ಕೆ ಹೋದೆ. ಲಾರಿಯ ನಡುಭಾಗಕ್ಕೆ ಬಂದಾಗ ಎದುರಿನ ಕತ್ತಲಲ್ಲಿ ಹುಲ್ಲು ತುಂಬಿದ ಒಂದು ಟ್ರಾಕ್ಟರು ಕಂಡಿತು, ಅದರ ಒಂದೇ ದೀಪ ಹುಲ್ಲಿನ ದೂಳಿನಲ್ಲಿ ಹಳದಿಯಾಗಿ ಮಂಕಾಗಿತ್ತು. ಹಿಂದೆ ಸರಿಯಲು ಜಾಗವಿರಲಿಲ್ಲ, ಮುಂದೆ ನುಗ್ಗಲು ಹೊತ್ತಿರಲಿಲ್ಲ. ಆ ಲಾರಿಯವರು ಬ್ರೇಕ್ ಹಿಡಿದು, ಎಡ ಚಕ್ರಗಳನ್ನು ಮಣ್ಣಿಗಿಳಿಸಿ, ಮುಂದೆ ನನಗೊಂದು ಸಂದು ಬಿಟ್ಟರು. ಏರ್ ಬ್ರೇಕಿನ ಆ ಉಸಿರುಗರೆಯುವ ಸದ್ದು, ಚಕ್ರದ ಕೆಳಗೆ ಜಲ್ಲಿ ಸಿಡಿದದ್ದು, ಟ್ರಾಕ್ಟರಿನ ಹುಲ್ಲು ನನ್ನ ಕಾರಿನ ಬಲಗನ್ನಡಿಯನ್ನು ಸವರಿಕೊಂಡು ಹೋದದ್ದು ಇಂದಿಗೂ ನೆನಪಿದೆ. ಮುಂದಿನ ಟೀ ಅಂಗಡಿಯಲ್ಲಿ ನಿಲ್ಲಿಸಿ ಅವರಿಗಾಗಿ ಕಾದು, ತಪ್ಪಾಯಿತೆಂದು ಹೇಳಿದೆ. “ಬರಬೇಡಿ ಅಂತಾನೇ ಸಾರ್ ನಾನು ಬಲಗಡೆ ಹಾಕಿದ್ದು. ಟ್ರಾಕ್ಟರ್ ನಂಗೆ ಕಾಣ್ತಿತ್ತು” ಎಂದರು. ಬೈಯಲಿಲ್ಲ. ನನ್ನ ಕೈ ನಡುಗುತ್ತಿದ್ದುದನ್ನು ಕಂಡು, “ಮೊದ್ಲು ಟೀ ಕುಡೀರಿ, ಆಮೇಲೆ ಹೊರಡೀರಂತೆ” ಎಂದರು.

ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮ ಹೀಗಿದೆ. ಮುಂದಿನ ಲಾರಿಯ ಬಲ ಇಂಡಿಕೇಟರನ್ನು ಯಾವ ಕಾರಣಕ್ಕೂ ‘ಬಾ’ ಎಂದು ತೆಗೆದುಕೊಳ್ಳುವುದಿಲ್ಲ. ಅದು ಮಿನುಗುತ್ತಿರುವಷ್ಟು ಹೊತ್ತು ಹಿಂದೆಯೇ ಇರುತ್ತೇನೆ. ಕೊಟ್ಟ ದಾರಿಯನ್ನು ಅಪ್ಪಿತಪ್ಪಿ ಬಿಟ್ಟುಕೊಟ್ಟರೆ ಒಂದು ನಿಮಿಷ ನಷ್ಟವಾಗುತ್ತದೆ ಅಷ್ಟೆ. ಎಡ ಇಂಡಿಕೇಟರ್ ಹಾಕಿ, ಗಾಡಿಯನ್ನೂ ಒಂದು ಚಕ್ರದಷ್ಟು ಎಡಕ್ಕೆ ತಂದು, ವೇಗವನ್ನು ಏರಿಸದೆ ಹೋಗುತ್ತಿದ್ದರೆ ಅವರು ದಾರಿ ಬಿಟ್ಟಿದ್ದಾರೆಂದು ತಿಳಿಯುತ್ತೇನೆ. ಹಾಗೆ ತಿಳಿದ ಮೇಲೂ ಬಲಕ್ಕೆ ಇಣುಕಿ ರಸ್ತೆಯನ್ನು ನನ್ನ ಕಣ್ಣಿನಿಂದಲೇ ನೋಡಿಕೊಂಡ ಹೊರತು ಹೊರಡುವುದಿಲ್ಲ, ಏಕೆಂದರೆ ಅವರು ಕಂಡದ್ದು ಅವರ ಲಾರಿಯ ವೇಗಕ್ಕೆ, ಅವರ ಎತ್ತರದಿಂದ ಕಂಡದ್ದು. ನನ್ನ ಕಾರಿಗೆ ಎಷ್ಟು ಹೊತ್ತು ಬೇಕೆಂಬುದು ಅವರಿಗೆ ಗೊತ್ತಿರುವುದಿಲ್ಲ. ಅವರು ಕೊಡುವುದು ಸುದ್ದಿಯನ್ನು, ಹೋಗಬೇಕೋ ಬೇಡವೋ ಎಂಬ ತೀರ್ಮಾನ ದಾಟುವವರದೇ. ಲಾರಿಯವರಲ್ಲಿಯೂ ಒಂದು ಬಿನ್ನಹವಿದೆ: ‘ಬಾ’ ಎನ್ನಲು ದಯವಿಟ್ಟು ಬಲ ಇಂಡಿಕೇಟರ್ ಬಳಸಬೇಡಿ. ಎಡಕ್ಕೆ ಸರಿದು ವೇಗ ಕಾಯ್ದುಕೊಂಡರೆ ಅದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಾಗಿಲ್ಲ.

ಎದುರಿನಿಂದ ಬರುವವರು ದೀಪ ಮಿನುಗಿಸಿದಾಗಲೂ ಇದೇ ಎಚ್ಚರ ಬೇಕು. ನಮ್ಮ ರಸ್ತೆಗಳಲ್ಲಿ ಅದು ಬಹುಪಾಲು ‘ನಾನು ಬರುತ್ತಿದ್ದೇನೆ, ನೀನು ನಿಲ್ಲು’ ಎಂದೇ. ‘ನೀನು ಬಾ’ ಎಂದು ಎಂದೂ ಓದಿಕೊಳ್ಳಬೇಡಿ. ಕೆಲವು ಸಲ ಅದು ನಿಮ್ಮ ಹೈಬೀಮ್ ಇಳಿಸಿ ಎಂಬ ಬೇಡಿಕೆ. ಆಗ ಇಳಿಸಿ. ಅವರು ಇಳಿಸದಿದ್ದರೂ ನೀವು ಇಳಿಸಿ, ನೋಟವನ್ನು ರಸ್ತೆಯ ಎಡ ಅಂಚಿನ ಬಿಳಿ ಗೆರೆಗೆ ತಂದು ವೇಗ ತಗ್ಗಿಸಿ. ಸೇಡಿಗೆ ಸೇಡೆಂದು ಹೈಬೀಮ್ ಹಾಕಿದರೆ ಕಿರಿದಾದ ರಸ್ತೆಯಲ್ಲಿ ಕಣ್ಣು ಕಾಣದವರು ಇಬ್ಬರಾಗುತ್ತಾರೆ.

ಹೊರಟ ಮೇಲೆ ಹಿಂಜರಿಯಬಾರದು. ಗೇರ್ ಮೊದಲೇ ಇಳಿಸಿಕೊಂಡು, ಬಲಕ್ಕೆ ಬಂದು, ನಿಶ್ಚಿತ ವೇಗದಲ್ಲಿ ಲಾರಿಯ ಬದಿಯನ್ನು ಕಳೆಯಬೇಕು. ಅದರ ಪಕ್ಕದಲ್ಲಿ ಸಮಸಮವಾಗಿ ಓಡುತ್ತ ಇರುವುದು ಬಹಳ ಕೆಟ್ಟದ್ದು. ಅಲ್ಲಿ ಅವರ ಕನ್ನಡಿಗೆ ನೀವು ಕಾಣದ ಜಾಗಗಳಿವೆ, ಟೈರ್ ಸಿಡಿದರೆ ತಪ್ಪಿಸಿಕೊಳ್ಳಲಾಗುವುದಿಲ್ಲ. ದೊಡ್ಡ ಕಂಟೇನರ್ ಗಾಡಿಗಳ ಮುಂಭಾಗ ದಾಟುವಾಗ ಗಾಳಿಯ ತಳ್ಳು ಬದಲಾಗಿ ಕಾರು ಸ್ವಲ್ಪ ಎಳೆದಂತಾಗುತ್ತದೆ, ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದಿರಬೇಕು. ಲಾರಿಯ ಚಾಲಕರ ಬಾಗಿಲಿಗೆ ಸಮವಾಗಿ ಬಂದ ಮೇಲೆ, ಎದುರಿಗೆ ಯಾರೂ ಇಲ್ಲದಿದ್ದರೆ, ಹೈಬೀಮ್ ಏರಿಸಬಹುದು; ಆಗ ನಿಮ್ಮ ಬೆಳಕು ಅವರ ಕನ್ನಡಿಯನ್ನು ದಾಟಿರುತ್ತದೆ, ಇಬ್ಬರಿಗೂ ರಸ್ತೆ ಚೆನ್ನಾಗಿ ಕಾಣುತ್ತದೆ. ಅದೇ ಹೊತ್ತಿಗೆ ಲಾರಿಯವರು ತಮ್ಮ ದೀಪ ಇಳಿಸಬೇಕು, ಇಲ್ಲದಿದ್ದರೆ ಅವರ ಎತ್ತರದ ದೀಪ ಕಾರಿನ ಹಿಂಗಾಜಿನ ಮೂಲಕ ಒಳಗೆಲ್ಲ ತುಂಬುತ್ತದೆ. ನನ್ನ ಮಾವ ಇದನ್ನು ತಪ್ಪದೆ ಮಾಡುತ್ತಿದ್ದರು.

ಎಡಕ್ಕೆ ಮರಳುವುದರಲ್ಲಿ ಕಾರಿನವರು ಮಾಡುವ ತಪ್ಪು ಲಾರಿಯವರನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ. ಮೂತಿ ದಾಟಿತೋ ಇಲ್ಲವೋ ಎನ್ನುವಷ್ಟರಲ್ಲಿ ಅಡ್ಡ ಬರುತ್ತಾರೆ, ಬಂದವರು ಕೂಡಲೇ ಬ್ರೇಕ್ ಹಿಡಿಯುತ್ತಾರೆ, ಎಡಗಡೆಯ ಹೋಟೆಲ್ಲಿಗೋ ಸರ್ವೀಸ್ ರಸ್ತೆಗೋ ಇಳಿಯುವುದಕ್ಕಾಗಿ. ಇಪ್ಪತ್ತೆಂಟು ಟನ್ನಿನ ಗಾಡಿಯನ್ನು ಅಷ್ಟು ಜಾಗದಲ್ಲಿ ನಿಲ್ಲಿಸಲಾಗುವುದಿಲ್ಲ. ನಿಮ್ಮ ಒಳಗನ್ನಡಿಯಲ್ಲಿ ಲಾರಿಯ ಎರಡೂ ಹೆಡ್‌ಲೈಟುಗಳು ಪೂರ್ತಿಯಾಗಿ ಕಂಡ ಮೇಲೆ ಎಡ ಇಂಡಿಕೇಟರ್ ಹಾಕಿ, ನಿಧಾನವಾಗಿ ಎಡಕ್ಕೆ ಬಂದು, ಅದೇ ವೇಗದಲ್ಲಿ ಮುಂದುವರಿಯಿರಿ. ಒಂದು ಕಿಲೋಮೀಟರಿನೊಳಗೆ ನೀವು ಇಳಿಯಬೇಕಾಗಿದ್ದರೆ ಆ ಲಾರಿಯನ್ನು ದಾಟಲೇಬೇಡಿ, ಅದರ ಹಿಂದೆಯೇ ಇದ್ದು ಇಳಿಯಿರಿ. ಸರಿಯಾಗಿ ದಾರಿ ಬಿಟ್ಟವರಿಗೆ ಒಂದು ಸಣ್ಣ ಹಾರ್ನ್ ಕೊಡುವ ವಾಡಿಕೆಯಿದೆ. ಊರಿನ ಹೊರಗಾದರೆ ಅದು ಒಳ್ಳೆಯ ವಾಡಿಕೆ, ಲಾರಿಯವರು ಅದಕ್ಕೆ ಡಿಪ್ಪರಿನಲ್ಲಿ ಉತ್ತರಿಸುವುದೂ ಉಂಟು.

ದಾಟಿಸಿಕೊಳ್ಳುವವರು ವೇಗ ಹೆಚ್ಚಿಸಬಾರದು, ಅಡ್ಡಿಪಡಿಸಬಾರದು ಎಂದು 2017ರ ಮೋಟಾರು ವಾಹನ ಚಾಲನಾ ವಿನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಇಳಿಜಾರು ಬಂತೆಂದು ಲೋಡು ಲಾರಿ ತಾನಾಗಿಯೇ ವೇಗ ಪಡೆಯುವಾಗಲೂ ಇದನ್ನು ನೆನಪಿಡಬೇಕು, ಪಕ್ಕದಲ್ಲಿ ಕಾರು ಇದ್ದರೆ ಒಂದಿಷ್ಟು ಆಕ್ಸಿಲರೇಟರ್ ಬಿಡಬೇಕು. ಎರಡು ಪಥದ ರಸ್ತೆಯಲ್ಲಿ ನಾಲ್ಕೈದು ಲಾರಿಗಳು ಒಟ್ಟಾಗಿ ಹೋಗುವಾಗ ಒಂದಕ್ಕೊಂದು ಅಂಟಿಕೊಂಡು ಹೋದರೆ ಹಿಂದಿನ ಕಾರು ಎಲ್ಲವನ್ನೂ ಒಂದೇ ಉಸಿರಿಗೆ ದಾಟಬೇಕಾಗುತ್ತದೆ. ನಡುವೆ ಒಂದು ಕಾರು ನುಸುಳಿ ನಿಲ್ಲುವಷ್ಟು ಅಂತರ ಬಿಟ್ಟರೆ ಒಂದೊಂದಾಗಿ ದಾಟಬಹುದು.

ನಾಲ್ಕು ಪಥದ ಹೆದ್ದಾರಿಯಲ್ಲಿ ಜಗಳ ಹುಟ್ಟುವುದು ಬೇರೆ ಕಾರಣಕ್ಕೆ. ಲಾರಿ ಬಲ ಪಥದಲ್ಲಿಯೇ ಹೋಗುತ್ತದೆ, ಬಿಡುವುದಿಲ್ಲ ಎಂಬುದು ಕಾರಿನವರ ದೂರು. ದೂರು ನ್ಯಾಯವಾದದ್ದೇ, ನಿಧಾನವಾದ ಗಾಡಿ ಎಡದಲ್ಲಿರಬೇಕು. ಹಾಗಿದ್ದೂ ಅವರು ಬಲಕ್ಕೆ ಹೋಗುವುದೇಕೆಂದು ಮಾವನನ್ನು ಕೇಳಿದಾಗ ಅವರು ಎಡ ಪಥವನ್ನು ತೋರಿಸಿದರು: ದೀಪವಿಲ್ಲದೆ ನಿಂತ ಲಾರಿ, ಸರ್ವೀಸ್ ರಸ್ತೆಯಿಂದ ನೋಡದೆ ನುಗ್ಗುವ ಬೈಕು, ಯೂ ತಿರುವು ದೂರವೆಂದು ತಪ್ಪು ದಿಕ್ಕಿನಲ್ಲಿ ಎದುರಿಗೆ ಬರುವ ಆಟೋ. ರಾಗಿ, ಹುರುಳಿ ಕೊಯ್ಲಿನ ಕಾಲದಲ್ಲಿ ಒಕ್ಕಣೆಗೆಂದು ರಸ್ತೆಯ ಮೇಲೆಯೇ ಹರಡಿದ ಬೆಳೆಯೂ, ಅದನ್ನು ಕಾಯಲು ಇಟ್ಟ ಕಲ್ಲುಗಳೂ ನಮ್ಮ ತಾಲ್ಲೂಕು ರಸ್ತೆಗಳಲ್ಲಿ ಇರುತ್ತವೆ. ಲೋಡು ಗಾಡಿಗೆ ಇವುಗಳಿಂದ ತಟ್ಟನೆ ತಪ್ಪಿಸಿಕೊಳ್ಳಲಾಗುವುದಿಲ್ಲ. ಆದ್ದರಿಂದ ಬಲದಲ್ಲಿರುವ ಲಾರಿಯ ಹಿಂದೆ ಸಿಕ್ಕಿದಾಗ ಡಿಪ್ಪರ್ ಹೊಡೆದು ಕೇಳಿ, ಅರ್ಧ ನಿಮಿಷವಾದರೂ ಕಾಯಿರಿ. ಎಡದಿಂದ ನುಗ್ಗುವುದನ್ನು ನಾನು ಮಾಡುವುದಿಲ್ಲ, ಮಾಡಬೇಡಿ ಎಂದೇ ಹೇಳುತ್ತೇನೆ. ಲಾರಿಯ ಎಡ ಮಗ್ಗುಲು ಚಾಲಕರಿಗೆ ಅತ್ಯಂತ ಕಡಿಮೆ ಕಾಣುವ ಜಾಗ, ನಿಮ್ಮ ಕೋರಿಕೆಗೆ ಒಪ್ಪಿ ಅವರು ಎಡಕ್ಕೆ ಬರುವ ಕ್ಷಣವೂ ನೀವು ಅಲ್ಲಿ ನುಗ್ಗುವ ಕ್ಷಣವೂ ಒಂದೇ ಆಗಿಬಿಡಬಹುದು.

ಲಾರಿ ಲಾರಿಯನ್ನು ದಾಟುವಾಗ ಎರಡೂ ಪಥ ಮುಚ್ಚಿಹೋಗುತ್ತವೆ. ಸರಕು ವಾಹನಗಳಿಗೆ ಹೆದ್ದಾರಿಯಲ್ಲಿ ಗರಿಷ್ಠ ವೇಗಮಿತಿ ಗಂಟೆಗೆ 80 ಕಿಲೋಮೀಟರ್, ಕಾರುಗಳಿಗೆ ನಾಲ್ಕು ಪಥದಲ್ಲಿ 100. ಲೋಡಿರುವ ಎರಡು ಲಾರಿಗಳ ವೇಗದ ವ್ಯತ್ಯಾಸ ಬಹಳವೆಂದರೆ ಗಂಟೆಗೆ ಐದು ಕಿಲೋಮೀಟರ್ ಇರುತ್ತದೆ. ಅಷ್ಟರಲ್ಲಿ ದಾಟಿ ಮುಗಿಸಲು ಸುಮಾರು ಒಂದು ನಿಮಿಷ, ಒಂದು ಕಿಲೋಮೀಟರ್ ಬೇಕು. ಹಿಂದೆ ಹೈಬೀಮ್ ಹಾಕಿ ಹಾರ್ನ್ ಒತ್ತಿದರೂ ಆ ಒಂದು ನಿಮಿಷ ಕಡಿಮೆಯಾಗುವುದಿಲ್ಲ. ಅದನ್ನು ಕಡಿಮೆ ಮಾಡಬಲ್ಲವರು ದಾಟಿಸಿಕೊಳ್ಳುತ್ತಿರುವ ಲಾರಿಯವರು ಮಾತ್ರ: ಅವರು ಹತ್ತು ಸೆಕೆಂಡು ವೇಗ ತಗ್ಗಿಸಿದರೆ ಎಲ್ಲರಿಗೂ ದಾರಿಯಾಗುತ್ತದೆ. ಏರಿನಲ್ಲಿ ಇಂಥ ಪೈಪೋಟಿಗೆ ಇಳಿಯಲೇಬಾರದು.

ಕೆಟ್ಟು ನಿಂತ ಗಾಡಿಯ ಹಿಂದೆ ಕಲ್ಲು, ಸೊಪ್ಪು ಇಡುವ ಬದಲು ತ್ರಿಕೋನದ ಪ್ರತಿಫಲಕ ಇಡಿ, ನಾಲ್ಕೂ ಇಂಡಿಕೇಟರ್ ಹಾಕಿ. ಹೊರಡುವಾಗ ಬಿಟ್ಟುಹೋದ ಕಲ್ಲನ್ನು ತಪ್ಪಿಸಲು ಹೋದ ಕಾರು ಬಲಕ್ಕೆ, ದಾಟುತ್ತಿರುವ ಮತ್ತೊಂದು ಗಾಡಿಯ ಚಕ್ರದತ್ತ ಬರುತ್ತದೆ. ಚಲಿಸುತ್ತಿರುವಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗಬೇಡಿ, ನೀವು ಯಾವ ಕಡೆ ಬರುತ್ತೀರೆಂಬುದು ಹಿಂದಿನವರಿಗೆ ತಿಳಿಯುವುದಿಲ್ಲ.

ಕೊನೆಯದಾಗಿ, ಹೊರಡುವ ಮುಂಚಿನ ಕೆಲಸ. ಮುಂದಿನ ಗಾಜನ್ನು ಹೊರಗಿನಿಂದಲೂ ಒಳಗಿನಿಂದಲೂ ಒರೆಸಿ. ಒಳಗಿನ ಜಿಡ್ಡು ಹಗಲು ಕಾಣುವುದಿಲ್ಲ, ರಾತ್ರಿ ಎದುರಿನ ಪ್ರತಿ ದೀಪವನ್ನೂ ಅದು ಗಾಜಿನ ತುಂಬ ಹರಡುತ್ತದೆ. ಕಾರು ಕೊಂಡ ಮೇಲೆ ಜೋಡಿಸಿದ ಬಿಳಿ ಎಲ್‌ಇಡಿ ಬಲ್ಬುಗಳು ಹಳೆಯ ಹೆಡ್‌ಲೈಟಿನ ಬಟ್ಟಲಿಗೆ ಹೊಂದದೆ ಲೋಬೀಮಿನಲ್ಲಿಯೂ ಮೇಲಕ್ಕೆ ಚೆಲ್ಲುತ್ತವೆ, ಅಂಥವನ್ನು ತೆಗೆಸಿ. ಊರಿನಿಂದ ಬರುವಾಗ ಡಿಕ್ಕಿಯಲ್ಲಿ ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ ತುಂಬಿದ್ದರೆ ಕಾರಿನ ಮೂತಿ ಮೇಲೇಳುತ್ತದೆ, ಲೋಬೀಮ್ ಕೂಡ ಲಾರಿಯ ಕನ್ನಡಿಗೆ ಹೊಡೆಯುತ್ತದೆ. ಬಹಳಷ್ಟು ಕಾರುಗಳಲ್ಲಿ ಸ್ಟಿಯರಿಂಗಿನ ಬಲಗಡೆ 0, 1, 2, 3 ಎಂದು ಬರೆದ ಸಣ್ಣ ತಿರುಗುಗಾಲಿ ಇರುತ್ತದೆ, ಅಂಕಿ ಹೆಚ್ಚಿಸಿದಷ್ಟೂ ಬೆಳಕು ಕೆಳಗಿಳಿಯುತ್ತದೆ. ಲೋಡು ಹಾಕಿದ ಮೇಲೆ ಕಾರನ್ನು ಯಾವುದಾದರೊಂದು ಗೋಡೆಯೆದುರು ನಿಲ್ಲಿಸಿ ಲೋಬೀಮ್ ಹಾಕಿ ನೋಡಿ. ಬೆಳಕಿನ ಮೇಲಂಚು ಹೆಡ್‌ಲೈಟಿನ ಎತ್ತರಕ್ಕಿಂತ ತುಸು ಕೆಳಗೆ ಬರುವವರೆಗೆ ಗಾಲಿ ತಿರುಗಿಸಿ, ಆಮೇಲೆ ಹೊರಡಿ.